ಗಾಳಿ ತಿನ್ನುವ ತಗಡು

ಮುಚ್ಚಳ ಬಿದ್ದು ರಬ್ಬರಿನ ಅಂಚು ಕಚ್ಚಿಕೊಂಡ ಕೂಡಲೇ ಬೋಟಿನ ಮೀನು ತುಂಬುವ ಕೋಣೆಯ ಗೋಡೆಗಳು ಬಣ್ಣ ಬದಲಿಸತೊಡಗಿದವು. ಮೊದಲು ಬೆಳ್ಳಿ, ಆಮೇಲೆ ಜೇನಿನ ಬಣ್ಣ, ನೇರಳೆ, ಕೊನೆಗೆ ಗಾಢ ನೀಲಿ. ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನು ನೋಡುತ್ತಿದ್ದ ಕಂಪನಿಯ ದೊಡ್ಡವರು ಚಪ್ಪಾಳೆ ತಟ್ಟಿದರು. ಗಂಗೊಳ್ಳಿ ಬಂದರಿನಲ್ಲಿ ಅಂದು ಹೊಸ ತಗಡಿನ ಉದ್ಘಾಟನೆ. ಹಳೆಯ ತಗಡು ಅರ್ಧ ದಿನ ಎಳೆಯುತ್ತಿದ್ದ ಕೆಲಸವನ್ನು ಇದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಾಡಿತ್ತು.

ಇದನ್ನು ಕಂಡುಹಿಡಿದ ಡಾ. ಮೇದಿನಿ ಅಂಗಡಿ ಗದಗಿನ ಕಡೆಯವಳು. ಹುಟ್ಟಿದಂದಿನಿಂದ ಮೀನು ಮುಟ್ಟಿದವಳಲ್ಲ, ಆದರೂ ಮೀನು ಕೆಡದಂತೆ ಮಾಡುವುದಕ್ಕೆ ತನ್ನ ಯೌವನವನ್ನೆಲ್ಲ ಸುರಿದಿದ್ದಳು. ಲೋಹ ಗಾಳಿಗೆ ಮೈಯೊಡ್ಡಿದ ಕ್ಷಣವೇ ಆಮ್ಲಜನಕ ಅದರೊಡನೆ ಕೂಡಿ ಮೇಲೊಂದು ಆಕ್ಸೈಡಿನ ಪೊರೆ ಕಟ್ಟುತ್ತದೆ. ಅಲ್ಯೂಮಿನಿಯಂನಲ್ಲಿ ಈ ಪೊರೆ ಬಹಳ ಬಿಗಿ. ಆಮ್ಲಜನಕ ಅದನ್ನು ದಾಟಲಾರದೆ ಅಲ್ಲಿಗೇ ನಿಲ್ಲುತ್ತದೆ. ಮೇದಿನಿಯ ಮಿಶ್ರಲೋಹದ ಪೊರೆ ಜರಡಿಯಂತೆ ಸಡಿಲ. ಆಮ್ಲಜನಕ ಅದನ್ನು ತೂರಿ ಕೆಳಗಿನ ಲೋಹವನ್ನು ಸೇರುತ್ತಲೇ ಇರುತ್ತದೆ. ಪೊರೆ ದಪ್ಪವಾದಷ್ಟೂ ಅದರಿಂದ ಮರಳುವ ಬೆಳಕಿನ ಬಣ್ಣ ಬದಲಾಗುತ್ತದೆ. ಕೂದಲಿಗಿಂತ ತೆಳುವಾದ ಇಂಥ ಹಾಳೆಗಳನ್ನು ಗೋಡೆಯ ತುಂಬ ಮಡಿಕೆ ಮಡಿಕೆಯಾಗಿ ಜೋಡಿಸಿದರೆ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವೇ ಉಳಿಯುವುದಿಲ್ಲ. ಮೀನು ಕೆಡುವುದಿಲ್ಲ, ನಾರುವುದಿಲ್ಲ. ಬೋಟುಗಳು ಐಸ್ ಹೊರುವುದನ್ನು ಬಿಟ್ಟು, ಕೋಣೆಗೆ ಸಣ್ಣದೊಂದು ತಂಪಿನ ಯಂತ್ರ ಇಟ್ಟುಕೊಂಡವು. ಬೀದರಿನ ಮನೆಗಳಲ್ಲೂ ತಾಜಾ ಬಂಗುಡೆ ಹುರಿಯತೊಡಗಿದರು.

ಉದ್ಘಾಟನೆಯಾದ ಎರಡು ತಿಂಗಳಲ್ಲಿ ಸುಶಾಂತ್ ಮೊಗವೀರ ಸತ್ತ. ಹಿಡಿದ ಮೀನನ್ನು ಕೋಣೆಯೊಳಗೆ ಜೋಡಿಸುವುದು ಅವನ ಕೆಲಸ. ನಡುಗಡಲಿನಲ್ಲಿ ಹಾಗೆ ಇಳಿದವನು ಮೇಲೆ ಬರಲಿಲ್ಲ. 'ಮೃತನ ಅಜಾಗರೂಕತೆ' ಎಂದು ಕಂಪನಿಯ ವರದಿ ಹೇಳಿತು. ಅದಕ್ಕೆ ಮೇದಿನಿಯ ಸಹಿಯೊಂದೇ ಬಾಕಿ. ಸಹಿ ಹಾಕುವ ಮೊದಲು ಒಮ್ಮೆ ನೋಡಿ ಬರುತ್ತೇನೆಂದು ಅವಳು ಗಂಗೊಳ್ಳಿಗೆ ಬಂದಳು.

ಬೋಟಿನ ತಾಂಡೇಲ ಪ್ರದೀಪ ಕೆಲಸದವರನ್ನೂ ಬೋಟನ್ನೂ ನಡೆಸುವ ಮುದುಕ. ದಡಕ್ಕೆ ಕಟ್ಟಿದ ಬೋಟಿನಲ್ಲೇ ಬಲೆಯ ರಾಶಿಯ ಮೇಲೆ ಕೂತಿದ್ದ.

"ಅವನು ಒಳಗಿದ್ದಾಗ ಮುಚ್ಚಳ ಯಾಕೆ ಹಾಕಿದಿರಿ?" ಎಂದು ಮೇದಿನಿ ಕೇಳಿದಳು.

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಾಕದೆ ಎಂತ ಮಾಡುದ್ ಮೇಡಂ? ತಂಪೆಲ್ಲ ಹೋತ್ತಲೆ! ನಮ್ಮ ಅಪ್ಪಯ್ಯನ ಕಾಲದಲ್ಲಿ ಐಸ್ ತುಂಬುತಿದ್ದಾಗ್ಲೂ ಹಾಂಗೇ. ಒಬ್ಬ ಇಳಿತಾ, ಮೇಲಿಂದ ಮುಚ್ಚುದು. ಕೆಲಸ ಮುಗಿದ ಕೂಡ್ಲೆ ಅವ ಒಳಗಿಂದ ಬಡಿತಾ, ನಾವು ತೆಗಿತೋ. ಹಳೆ ತಗಡಿನಲ್ಲೂ ಹಾಂಗೇ ಮಾಡಿದ್ದು, ಯಾರಿಗೂ ಎಂತ ಆಯ್ಲಿಲ್ಲೆ. ಈ ಸಲ ಅವ ಬಡಿಲಿಲ್ಲೆ."

ಮೇದಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಳೆಯ ತಗಡು ನಿಧಾನವಾಗಿದ್ದರಿಂದ ಇಳಿದವರು ಬದುಕಿ ಬರುತ್ತಿದ್ದರು. ಅದನ್ನು ಚುರುಕು ಮಾಡಿದ್ದು ತಾನೇ. ಉಸಿರು ಕಟ್ಟಿದಂತೆ ಅನಿಸುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕ ತೀರಿಹೋದದ್ದು ಮೈಗೆ ಗೊತ್ತಾಗುವುದೇ ಇಲ್ಲ. ಬಡಿಯಬೇಕೆಂದು ಸುಶಾಂತನಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.

ಮುಚ್ಚಳದ ಪಕ್ಕದಲ್ಲೇ ಅವಳು ಬರೆದ ಬೋರ್ಡಿತ್ತು. 'ಒಳಗೆ ಇಳಿಯುವ ಮೊದಲು ಚೆನ್ನಾಗಿ ಗಾಳಿಯಾಡಲು ಬಿಡಿ.' ಅದರ ಕೆಳಗೆ, 'ತಗಡು ಹಾಳಾಗುತ್ತದೆ, ಮುಚ್ಚಳ ತೆರೆದಿಡಬೇಡಿ.'

"ದಡಕ್ಕೆ ಬರುವವರೆಗೆ ಅವನನ್ನು..." ಅವಳು ಮುಚ್ಚಳ ಎತ್ತಿ ಒಳಗೆ ಇಣುಕಿದಳು.

"ಅಲ್ಲೇ ಇಟ್ಟದ್ದು. ಬೇರೆ ಎಲ್ಲಿಡುದು?" ತಾಂಡೇಲ ಮುಖ ತಿರುಗಿಸಿದ. "ಮನಿಗೆ ತಂದಾಗ ಮಲಗಿದ ಹಾಂಗೇ ಇದ್ದ."

"ಮೀನು?"

"ಮಾರಿದರು ಮೇಡಂ. ಕೆಟ್ಟಿರ್ಲಿಲ್ಲೆ ಅಲ್ದಾ?"

ಸುಶಾಂತನ ಹೆಂಡತಿ ಅಶ್ವಿತಾ ಅಲ್ಲೇ ದಡದ ನೆರಳಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

"ಕಾಣಿ ಮೇಡಂ, ಬರೋ ಸೋಮವಾರ ಬೋಟ್ ಹೋತ್ತ್. ಅವರ ಜಾಗದಲ್ಲಿ ನನ್ನ ಮೈದುನ ಇಳಿತಾ. ಅದಕ್ಕೇ ಕೇಂತಿದ್ದೆ. ಮೀನ್ ಕೆಡದ ಹಾಂಗೆ ಮಾಡುಕೆ ನಿಮಗೆ ಎಷ್ಟ್ ಕಾಲ ಬೇಕಾಯ್ತ್?"

"ಹನ್ನೊಂದು ವರ್ಷ."

"ಒಳಗೆ ಇಳಿಯೋರ ಬಗ್ಗೆ ಆಲೋಚನೆ ಮಾಡುಕೆ?"

ಮೇದಿನಿ ಬೋರ್ಡಿನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಒಂದು ಮಧ್ಯಾಹ್ನ."

ಅಶ್ವಿತಾ ತಲೆಯಾಡಿಸಿ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮೇದಿನಿ ವರದಿಗೆ ಸಹಿ ಹಾಕಲಿಲ್ಲ. ಒಳಗೆ ಮನುಷ್ಯನಿದ್ದರೆ ಮುಚ್ಚಿಕೊಳ್ಳದ ಮುಚ್ಚಳ ಬೇಕು, ಮೀನು ಜೋಡಿಸಲು ಯಂತ್ರದ ಕೈ ಬೇಕು, ಅಲ್ಲಿಯವರೆಗೆ ತಗಡನ್ನು ಕಿತ್ತುಹಾಕಿ ಎಂದು ಪಟ್ಟುಹಿಡಿದಳು. ಇಂಥ ಸಾವಿನಲ್ಲಿ ಹೊಸದೇನೂ ಇರಲಿಲ್ಲವೆಂಬುದೇ ಅವಳ ಸಂಕಟ. ಮುಚ್ಚಿದ ಕಬ್ಬಿಣದ ತೊಟ್ಟಿಯಲ್ಲಿ ಬರೀ ತುಕ್ಕೇ ಆಮ್ಲಜನಕವನ್ನು ತಿಂದು ಮುಗಿಸುತ್ತದೆಂದು ಅವಳ ಅಜ್ಜಂದಿರ ಕಾಲದ ಪಠ್ಯಪುಸ್ತಕದಲ್ಲೇ ಇತ್ತು. ಇಪ್ಪತ್ತೊಂದನೇ ಶತಮಾನದ ಮೊದಲ ದಶಕಗಳಲ್ಲಿ ಹಡಗಿನ ತೊಟ್ಟಿಗಳಿಗೆ, ಊರಿನ ಮ್ಯಾನ್‌ಹೋಲುಗಳಿಗೆ ಜನ ಇಳಿದರು, ಸತ್ತರು. ಆಗಿನವರು ಅದನ್ನು ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ಓದಿ, ಹಾಳೆ ಮಡಚಿಟ್ಟು ಕೆಲಸಕ್ಕೆ ಹೋದರು. ಇಳಿಯದೆ ಆ ಕೆಲಸ ಹೇಗೆ ಮಾಡಬಹುದೆಂದು ಹನ್ನೊಂದು ವರ್ಷ ತಲೆ ಕೆಡಿಸಿಕೊಂಡವರು ಎಷ್ಟು ಮಂದಿ?

ಕಂಪನಿಯ ಮ್ಯಾನೇಜರು ಅವಳ ಮಾತನ್ನೆಲ್ಲ ಬಹಳ ತಾಳ್ಮೆಯಿಂದ ಕೇಳಿದ.

"ನಿಮ್ಮ ಕಳಕಳಿ ನಮಗೆ ಅರ್ಥ ಆಗುತ್ತೆ ಮೇಡಂ. ಬೋರ್ಡಿನ ಅಕ್ಷರ ದೊಡ್ಡದು ಮಾಡಿಸೋಣ, ಕೆಂಪು ಬಣ್ಣದಲ್ಲಿ. ಇವತ್ತು ಮಧ್ಯಾಹ್ನದೊಳಗೇ ಆಗಿಬಿಡುತ್ತೆ."

ಹೊಸ ಬೋರ್ಡು ಬಂತು. ಸೋಮವಾರ ಬೋಟು ಅಳಿವೆ ದಾಟಿ ಕಡಲಿಗೆ ಹೋಯಿತು. ಮೊದಲ ಬಲೆ ಎಳೆದ ಮೇಲೆ ಅಶ್ವಿತಾಳ ಮೈದುನ ಆ ಕೆಂಪು ಅಕ್ಷರಗಳನ್ನು ಒಂದೂ ಬಿಡದೆ ಓದಿದ. ಆಮೇಲೆ ಮೀನಿನ ಬುಟ್ಟಿ ಎತ್ತಿಕೊಂಡು ಒಳಗಿಳಿದ.