ತುಕ್ಕಜ್ಜನ ತೊಟ್ಟಿ

ಬೆಳಿಗ್ಗೆ ಆರಕ್ಕೆ, ಸೋಸಿದ ನೀರನ್ನು ಪರೀಕ್ಷಿಸುವ ಕಾಗದದ ಪಟ್ಟಿ ಕಡುಕಂದು ಬಣ್ಣಕ್ಕೆ ತಿರುಗಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ತೊಟ್ಟಿ ನೋಡಿಕೊಳ್ಳುವ ತುಕ್ಕಜ್ಜ ವಾಲ್ವ್ ತೆರೆಯಲಿಲ್ಲ. ನಾನೂರು ಮನೆಗಳ ನೀರು ತಡೆದು, ತಾನೇ ಠಾಣೆಗೆ ಫೋನ್ ಮಾಡಿದ.

ಇನ್‌ಸ್ಪೆಕ್ಟರಮ್ಮ ಬಂದಾಗ ನೀರು ಸರಬರಾಜಿನ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಮುರಿಯದ ಬಟ್ಟೆ. ಕರಿ ಬೂಟಿನ ಮೂತಿ ಮಾತ್ರ ಮಾಸಿ ಬೆಳ್ಳಗಾಗಿತ್ತು.

“ಇವನದೇ ಕೆಲಸ ಮೇಡಂ. ಚೀಲದ ತುಂಬ ತುಕ್ಕು ಮೊಳೆ, ನೋಡಿ. ಕುಡಿಯೋ ನೀರಿಗೆ ಹಾಕ್ತಾನೆ. ನಾನಂತೂ ತೊಟ್ಟಿ ಕಡೆ ಕಾಲೇ ಇಡಲ್ಲ. ಇವತ್ತೇ ಇವನ ಕೀಲಿ ಕಿತ್ಕೊಂಡು ಮನೆಗೆ ಕಳಿಸ್ತೀನಿ.”

ಅಜ್ಜ ಮೊಳೆಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿದ.

“ನಮ್ಮ ಕೊಳವೆಬಾವಿ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ ಇದೆ ಕಣಮ್ಮ. ಕಣ್ಣಿಗೆ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ. ತುಕ್ಕು ಮಾತ್ರ ಅದನ್ನ ಹಿಡ್ಕೊಳ್ಳುತ್ತೆ. ತೊಟ್ಟಿಲಿ ನೀರು ಸೋಸೋ ಮರಳಿಗೆ ತುಕ್ಕು ಹತ್ತಿಸೋಕೆ ನಂಗೆ ಒಂದು ವರ್ಷ ಹಿಡೀತು. ಮೊನ್ನೆ ಸಂಜೆ ಬೀಗ ಹಾಕುವಾಗ ಕೆಂಪಗಿತ್ತು. ನಿನ್ನೆ ನನ್ನ ವಾರದ ರಜೆ, ನೀರು ಬಿಟ್ಟಿಲ್ಲ.”

ಆಕೆ ತೊಟ್ಟಿಯೊಳಗೆ ಇಣುಕಿದಳು. ಮರಳು ಬೆಳ್ಳಗೆ ಹೊಳೆಯುತ್ತಿತ್ತು. ಬೀಗ ಒಡೆದಿರಲಿಲ್ಲ.

“ಅಜ್ಜ, ಸೋಸದ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿ.”

ಆ ಪಟ್ಟಿ ತಿಳಿಹಳದಿಗೆ ನಿಂತಿತು.

* * *

“ತೊಟ್ಟಿ ಬರೀ ಕೆಟ್ಟಿದ್ರೆ ಎರಡು ಪಟ್ಟಿನೂ ಒಂದೇ ಬಣ್ಣ ಬರ್ಬೇಕಿತ್ತು,” ಎಂದಳು ಇನ್‌ಸ್ಪೆಕ್ಟರಮ್ಮ. “ಇಲ್ಲಿ ಬಾವಿ ನೀರಿಗಿಂತ ಸೋಸಿದ ನೀರಲ್ಲೇ ವಿಷ ಜಾಸ್ತಿ. ತುಕ್ಕು ಇಷ್ಟು ದಿನ ಹಿಡಿದಿಟ್ಟಿದ್ದನ್ನ ಯಾರೋ ಬಿಡಿಸಿದಾರೆ. ಆಸಿಡ್ ಹಾಕಿದ್ರೆ ತುಕ್ಕು ಕರಗುತ್ತೆ. ಮೋರಿಯ ಸಿಮೆಂಟೂ ಕಿತ್ತು ಬರುತ್ತೆ, ಅಲ್ಲಿ ನೋಡಿ. ಬೂಟಿನ ಮೇಲೆ ಸಿಡಿದ್ರೆ ಬಣ್ಣ ಹೋಗುತ್ತೆ. ಇನ್ನೊಂದು ಕೀಲಿ ಯಾರ ಹತ್ರ ಇದೆ ಮ್ಯಾನೇಜರ್ರೇ?”

ಮ್ಯಾನೇಜರ್ ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡ.

“ನಾಳೆ ದೊಡ್ಡೋರು ನೋಡೋಕೆ ಬರ್ತಿದಾರೆ ಮೇಡಂ. ಅಷ್ಟು ಕೊಳಕು ಮರಳು ಹೇಗೆ ತೋರಿಸೋದು? ಚೆನ್ನಾಗಿ ಕಾಣ್ಲಿ ಅಂತ ತೊಳೆದೆ.”

“ಗೊತ್ತಿಲ್ದೆ ತೊಳೆದ್ರಿ, ಸರಿ. ಗೊತ್ತಾದ್ಮೇಲೆ ಅಜ್ಜನ ತಲೆಗೆ ಕಟ್ಟಿದ್ರಲ್ಲ? ಕೀಲಿ ಕೊಡಿ. ಜೀಪು ಹತ್ತಿ.”

ಆ ಕೀಲಿಯನ್ನೂ ಅವಳು ಅಜ್ಜನ ಕೈಗೇ ಹಾಕಿದಳು.

* * *

ಮರುದಿನ ಬೀದಿಬೀದಿಗೆ ಟ್ಯಾಂಕರ್ ಬಂತು. ಅಜ್ಜ ಹೊಸ ಮರಳಿಗೆ ಒಂದೊಂದೇ ಹಿಡಿ ಮೊಳೆ ಉಣಿಸುತ್ತಿದ್ದ, ಮೊದಲಿನಿಂದ.

ಇನ್‌ಸ್ಪೆಕ್ಟರಮ್ಮ ಚೀಲವೊಂದನ್ನು ಅವನ ಮುಂದೆ ಸುರಿದಳು. ಹಳೇ ಕೀಲು, ಮುರಿದ ಚಿಲಕ, ತುಕ್ಕು ತಿಂದ ಒಂದು ಜೊತೆ ಬೇಡಿ.

“ಬೇಡಿನೂ ಕೊಡ್ತೀಯೇನಮ್ಮ?”

“ಠಾಣೆಯಲ್ಲಿ ಸುಮ್ನೆ ಬಿದ್ದಿತ್ತು ಅಜ್ಜ. ನಿಮ್ಮ ಹತ್ರ ಇದ್ರೆ ಕೆಲಸಕ್ಕೆ ಬರುತ್ತೆ.”