ಹೂರಣ ಹಳಸಿದ ದಿನ

ಎಮ್ಮೆಯ ಮುಸುರೆಗೆಂದು ತೆಗೆದಿಟ್ಟ ಸಾರನ್ನು ಬಾಡಿಗೆಯವನು ಉಂಡುಬಿಟ್ಟಿದ್ದ.

ಊರಮ್ಮ ಹಿತ್ತಲಿಗೆ ಬಂದಾಗ ಬೋಗುಣಿ ಖಾಲಿಯಾಗಿತ್ತು. ಅಷ್ಟೇ ಅಲ್ಲ, ತೊಳೆದು ಬೋರಲು ಹಾಕಿತ್ತು. ಎಮ್ಮೆ ಪಾತ್ರೆ ತೊಳೆಯುವುದಿಲ್ಲ. ಅವಳು ತಲೆಯೆತ್ತಿ ನೋಡಿದಳು. ಮುಂದಿನ ಕೋಣೆಯಲ್ಲಿದ್ದ ಜಡೆಪ್ಪ ಬಾವಿಕಟ್ಟೆಯ ಮೇಲೆ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದ.

“ಇದರಾಗಿನ ಸಾರು ಏನಾತ್ರಿ?”

“ಉಂಡ್ನಿರಿ. ಹಿತ್ತಲದಾಗ ಸಾರು ಇಟ್ಟಿರ್ತೀನಿ, ರೊಟ್ಟಿಗೆ ಹಚ್ಕೊಳ್ರಿ ಅಂತ ನಿಮ್ಮತ್ತಿ ಹೇಳಿದ್ರು.”

“ಅದು ಗ್ವಾಡಿ ಮಾಡದಾಗ ಐತ್ರಿ. ಇದು ಎಮ್ಮಿಗೆ ಇಟ್ಟಿದ್ದು. ಮೂರು ದಿನದ್ದು.”

ಅವನು ಬೋಗುಣಿ ನೋಡಿದ, ಅವಳನ್ನು ನೋಡಿದ. “ಚಲೋನ ಇತ್ತಲ್ರಿ,” ಎಂದ.

ಗೇಲಿ ಮಾಡುತ್ತಿದ್ದಾನೆ ಅನ್ನಿಸಿತು ಅವಳಿಗೆ. ಆದರೆ ಆ ಮುಖದಲ್ಲಿ ಗೇಲಿ ಇರಲಿಲ್ಲ. ಹತ್ತು ಮಾರು ದೂರಕ್ಕೂ ಹುಳಿ ಹೊಡೆಯುತ್ತಿದ್ದ ಸಾರನ್ನು ಒಬ್ಬ ಮನುಷ್ಯ ರುಚಿಯಾಗಿ ಉಂಡು, ಪಾತ್ರೆಯನ್ನೂ ತೊಳೆದಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಅವನು ತಂಬಿಗೆ ಹಿಡಿದು ನಾಲ್ಕು ಸಲ ಹೊಲದ ಕಡೆ ಓಡಿದ್ದನ್ನು ಸೋದರತ್ತೆ ದೊಡ್ಡಬಸಮ್ಮ ಎಣಿಸಿ ಹೇಳಿದಳು. ಊರಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದೇ ಪ್ರಶ್ನೆ: ಇವನಿಗೆ ಹೇಗೆ ಗೊತ್ತಾಗಲಿಲ್ಲ?

ಅದು ನಲವತ್ತೊಂಬತ್ತನೆಯ ಇಸವಿಯ ಬೇಸಿಗೆ. ಸಿರುಗುಪ್ಪದ ಸುತ್ತ ಹೊಸ ಕಾಲುವೆಗೆ ಸರ್ವೇ ನಡೆದಿತ್ತು. ಬಳ್ಳಾರಿಯಿಂದ ಬಂದ ಜಡೆಪ್ಪ ಆ ಸರ್ವೇಯಲ್ಲಿ ಲೆವೆಲ್, ಅಂದರೆ ನೆಲದ ಮಟ್ಟ, ನೋಡುವವನು. ಜನ ಅವನನ್ನು ಓವರ್ಸೀಯರ್ ಅನ್ನುತ್ತಿದ್ದರು. ಗಾದೆಪ್ಪ ತನ್ನ ಮನೆಯ ಮುಂದಿನ ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿದ್ದ. ಗಾದೆಪ್ಪನಿಗೆ ಹೆಂಡತಿ ಇಲ್ಲ. ಮನೆಯಲ್ಲಿ ಇದ್ದವರು ಅಕ್ಕ ದೊಡ್ಡಬಸಮ್ಮ, ಒಬ್ಬಳೇ ಮಗಳು ಊರಮ್ಮ.

ಊರಮ್ಮನ ಮೂಗು ಓಣಿಗೆಲ್ಲ ಹೆಸರುವಾಸಿ. ಹಾಲು ಒಡೆಯುವುದು ಅವಳಿಗೆ ಒಂದು ತಾಸು ಮೊದಲೇ ತಿಳಿಯುತ್ತಿತ್ತು. ಎಣ್ಣೆ ಕಮಟಿದೆಯೋ, ಉಪ್ಪಿನಕಾಯಿ ಕೆಟ್ಟಿದೆಯೋ, ಹಿಟ್ಟು ಇನ್ನೂ ನಡೆಯುತ್ತದೋ ಎಂದು ನೆರೆಯ ಹೆಂಗಸರು ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಬಂದು ಕೇಳುತ್ತಿದ್ದರು. ರೇಷನ್ನು, ಕಂಟ್ರೋಲಿನ ಕಾಲ, ಯಾವುದನ್ನೂ ಸುಮ್ಮನೆ ಚೆಲ್ಲುವಂತಿರಲಿಲ್ಲ, ಯಾವುದನ್ನೂ ಸುಮ್ಮನೆ ತಿನ್ನುವಂತೆಯೂ ಇರಲಿಲ್ಲ.

ಹೊಟ್ಟೆ ಸರಿಹೋದ ಮರುದಿನ ಜಡೆಪ್ಪನೂ ಅಡುಗೆಮನೆಯ ಹೊಸ್ತಿಲಿಗೆ ಬಂದ. ಕೈಯಲ್ಲಿ ಡಬ್ಬಿ.

“ಇದನ್ನ ತಿನ್ನಾಕ ಬರ್ತೈತೇನು, ಸ್ವಲ್ಪ ನೋಡ್ರಿ.”

ಬೆಳಗಿನ ಕಡಲೆಹಿಟ್ಟಿನ ಝುಣಕ. ಅವಳು ಮೂಸಿದಳು. “ಬರ್ತೈತಿ.”

ಮರುದಿನ ಅನ್ನ ತಂದ. “ಬ್ಯಾಡ್ರಿ,” ಎಂದಳು. ಮೂರನೆಯ ದಿನ ಮೊಸರು. ಕೊಡುವಾಗ ಅವನು ಡಬ್ಬಿ ನೋಡುತ್ತಿರಲಿಲ್ಲ, ಅವಳ ಮೂಗಿನ ತುದಿ ಸಣ್ಣಗೆ ಅಲುಗುವುದನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮೂಸುತ್ತಿದ್ದಳು.

ಆದರೂ ಪ್ರಶ್ನೆ ಹಾಗೇ ಇತ್ತು. ಒಂದು ಸಂಜೆ ಅವನು ಪಡಸಾಲೆಯಲ್ಲಿ ನಕ್ಷೆ ಹರವಿಕೊಂಡು ಗೆರೆ ಎಳೆಯುತ್ತಿದ್ದಾಗ ಅವಳು ಕಸ ಗುಡಿಸುವ ನೆವದಲ್ಲಿ ಹಿಂದೆ ಬಂದಳು. ಇಂಗಿನ ತುಂಡೊಂದನ್ನು ಪುಡಿಮಾಡಿ ಅವನ ಭುಜದ ಹತ್ತಿರ ಹಿಡಿದಳು. ಬಾಗಿಲಾಚೆ ಮಲಗಿದ್ದ ನಾಯಿ ಎದ್ದು ಹೋಯಿತು. ಅವನ ಪೆನ್ಸಿಲು ನಿಲ್ಲಲಿಲ್ಲ.

“ಓವರ್ಸೀಯರ, ನಿಮಗ ವಾಸನಿ ಬರಾಂಗಿಲ್ಲೇನ್ರಿ?”

ಆಗ ಪೆನ್ಸಿಲು ನಿಂತಿತು. ಅವನು ತಿರುಗಿ ಅವಳ ಅಂಗೈಯ ಪುಡಿ ನೋಡಿದ.

“ಎರಡು ವರ್ಷದ ಹಿಂದ ಟೈಫಾಯಿಡ್ ಆಗಿತ್ರಿ. ಇಪ್ಪತ್ತೊಂದು ದಿನ ಮಲಗಿದ್ದೆ. ಉದುರಿದ ಕೂದಲೆಲ್ಲ ತಿರುಗಿ ಬಂತು. ವಾಸನಿ ಬರಲಿಲ್ಲ.” ನಕ್ಷೆಯ ಮಡಿಕೆ ಸರಿಮಾಡುತ್ತ, “ಯಾರಿಗೂ ಹೇಳಿಲ್ಲ. ಅರ್ಧ ಮನುಷ್ಯ ಅಂದಾರು ಅಂತ,” ಎಂದ.

ಅವಳಿಗೆ ಆ ರಾತ್ರಿಯ ಅಡುಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಒಗ್ಗರಣೆ ಸಿಡಿದಾಗ, ಅದು ಬರೀ ಸದ್ದು ಮಾತ್ರ ಆಗಿದ್ದರೆ ಹೇಗಿರುತ್ತಿತ್ತು ಎಂದು ಕಿವಿಗೊಟ್ಟು ಕೇಳಿದಳು.

ಮಾರನೆಯ ದಿನ ಅವನು ಡಬ್ಬಿ ತಂದಾಗ ಅವಳು ಮೂಸಲಿಲ್ಲ. “ನೀವ ನೋಡ್ರಿ,” ಎಂದಳು. “ನಾಳೆ ಬ್ಯಾರೆ ಊರಿಗೆ ಹೋದ್ರ ಯಾರನ್ನ ಕೇಳ್ತೀರಿ?”

ಹೀಗೆ ಪಾಠ ಶುರುವಾಯಿತು. ಸಾರಿನ ಅಂಚಿಗೆ ಸಣ್ಣ ಗುಳ್ಳೆ ಕಟ್ಟಿದೆಯೇ ನೋಡಬೇಕು. ಚಮಚ ಎತ್ತಿದರೆ ಲೋಳೆ ಎಳೆ ಬಂದರೆ ಚೆಲ್ಲಬೇಕು. ಮೊಸರು ನೀರು ಬಿಟ್ಟರೆ ಹೆದರಬೇಕಿಲ್ಲ, ಕೆಂಪು ಬಣ್ಣ ತಿರುಗಿದರೆ ಹೆದರಬೇಕು. ಮೊಟ್ಟೆ ನೀರಲ್ಲಿ ಮುಳುಗಿದರೆ ಸರಿ, ತೇಲಿದರೆ ಬೇಡ. ರೊಟ್ಟಿಗೆ ಬೂಸು ಬಂದರೆ ಆ ಭಾಗ ಮುರಿದು ಉಳಿದದ್ದು ತಿನ್ನುವುದಲ್ಲ, ಪೂರ್ತಿ ಬಿಡುವುದು.

“ಅನುಮಾನ ಬಂದಿದ್ದನ್ನ ನಾಲಿಗಿ ಮ್ಯಾಲೆ ಇಟ್ಟು ನೋಡಬ್ಯಾಡ್ರಿ,” ಎಂದು ದಿನಾ ಹೇಳುತ್ತಿದ್ದಳು. ಅವನು ಅದನ್ನೆಲ್ಲ ಸರ್ವೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದ.

ಪಾಠಕ್ಕೆ ಪ್ರತಿಯಾಗಿ ಅವನೂ ಕೇಳುತ್ತಿದ್ದ. “ಹಸಿ ಕೊತ್ತಂಬ್ರಿ ವಾಸನಿ ಮರ್ತುಹೋಗೇತ್ರಿ. ಹೆಂಗಿರ್ತೈತಿ?”

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಕೆಟ್ಟಿದೆಯೋ ಇಲ್ಲವೋ, ಅಷ್ಟೇ ಕೇಳುತ್ತಿದ್ದರು. ಅವಳು ಕಣ್ಣು ಮುಚ್ಚಿ ಯೋಚಿಸಿದಳು. “ನಸುಕಿನಾಗ ಬಾವಿ ನೀರು ಮುಖಕ್ಕ ಹೊಡ್ಕೊಂಡಂಗ.”

“ಹೊಸ ಹುಲ್ಲಿನ ಬಣವಿ?”

“ಸಣ್ಣಾಕಿದ್ದಾಗ ನಮ್ಮವ್ವನ ಸೀರಿ ಹೊದ್ಕೊಂಡು ಮಲಗಿದಂಗ.” ಅವ್ವನ ನೆನಪು ತನ್ನ ಮೂಗಿನಲ್ಲಿ ಇಷ್ಟು ದಿನ ಕೂತಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ.

ಒಂದು ದಿನ ಅವನು ತಂದ ಸಾರಿನಿಂದ ಹಬೆ ಏಳುತ್ತಿತ್ತು. “ಇದು ನಡೀತೈತೇನ್ರಿ?” ಎಂದು ಕೇಳಿದ, ಮುಖ ಗಂಭೀರ. ಊರಮ್ಮ ಸೆರಗಿನಿಂದ ತುಟಿ ಮುಚ್ಚಿಕೊಂಡಳು. “ಇದು ಕೆಡಾಕ ಇನ್ನೂ ಒಂದು ದಿನ ಬೇಕ್ರಿ. ನಾಳೆ ಇದೇ ಹೊತ್ತಿಗೆ ತರ್ರಿ.”

ಅವನು ನಾಳೆ ಅದೇ ಹೊತ್ತಿಗೆ ಬಂದ. ಡಬ್ಬಿ ತರಲು ಮರೆತಿದ್ದ.

ದೊಡ್ಡಬಸಮ್ಮನಿಗೆ ನಶ್ಯ ಏರಿಸಿ ಏರಿಸಿ ಮೂಗು ಮೊಂಡಾಗಿತ್ತು. ಕಣ್ಣು ಮಾತ್ರ ಚುರುಕು. ಅವಳು ಹದಿನೈದು ದಿನದೊಳಗೆ ಕುರುಗೋಡಿನ ಎರ್ರೆಪ್ಪನ ಮನೆಗೆ ಹೇಳಿ ಕಳಿಸಿದಳು. ಎರ್ರೆಪ್ಪನ ಮಗನಿಗೆ ಹೆಣ್ಣು ನೋಡುತ್ತಿದ್ದರು. ಸೋಮವಾರ ಬರುತ್ತೇವೆಂದು ಉತ್ತರ ಬಂತು.

ಎಲ್ಲೆಲ್ಲಿಂದಲೋ ಬೆಲ್ಲ ಹೊಂದಿಸಿ ಅತ್ತೆ ಭಾನುವಾರ ಮಧ್ಯಾಹ್ನವೇ ಹೂರಣ ರುಬ್ಬಿ, ಹಿತ್ತಾಳೆ ಬೋಗುಣಿಗೆ ತುಂಬಿ, ಒಲೆಯ ಬದಿಯಲ್ಲಿ ಮುಚ್ಚಿಟ್ಟಳು. ಸೋಮವಾರ ಬೆಳಿಗ್ಗೆ ಊರಮ್ಮ ಕಣಕ ನಾದಿದಳು. ಅವಳಿಗೆ ಎರಡು ದಿನದಿಂದ ಭಾರಿ ನೆಗಡಿ. ಹೂರಣದ ಮುಚ್ಚಳ ತೆಗೆದು ಅಭ್ಯಾಸದಂತೆ ಮುಖ ಬಗ್ಗಿಸಿದಳು. ಏನೂ ಇಲ್ಲ. ಗೋಡೆಗೆ ಮುಖ ಕೊಟ್ಟಂತಾಯಿತು.

ಹೂರಣ ನೋಡಲು ಚೆನ್ನಾಗಿಯೇ ಇತ್ತು. ಅಂಟು ಇತ್ತು, ಆದರೆ ಬೆಲ್ಲದ ಹೂರಣ ಅಂಟದೆ ಇರುತ್ತದೆಯೇ? ಬಂಡಿ ಅಷ್ಟರಲ್ಲಿ ಬಾಗಿಲಿಗೆ ಬಂದಿತ್ತು. ಎರ್ರೆಪ್ಪ, ಅವನ ಮಗ, ಜೊತೆಗೆ ತುಂಬಿದ ಬಸುರಿ ಮಗಳು ಅಕ್ಕನಾಗಮ್ಮ. ಗಾದೆಪ್ಪ ಅವರನ್ನು ಪಡಸಾಲೆಯಲ್ಲಿ ಕೂರಿಸಿ ಮಾತಿಗೆ ತೊಡಗಿದ. ಬಸುರಿಯನ್ನು ಬಾಗಿಲ ಸಂದಿಯಿಂದ ನೋಡಿದ ಊರಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

ಅವಳು ಹಿತ್ತಲಿಂದ ಸುತ್ತಿ ಹೋಗಿ ಜಡೆಪ್ಪನ ಕೋಣೆಯ ಹಿಂಬಾಗಿಲು ತಟ್ಟಿದಳು. “ಸ್ವಲ್ಪ ಒಳಗ ಬರ್ರಿ. ನನ್ನ ಮೂಗು ಕಟ್ಟೇತಿ. ಹೂರಣ ನಡೀತೈತೋ ಇಲ್ಲೋ, ನೀವ ಹೇಳಬೇಕು.”

ಅವಳನ್ನು ನೋಡಲು ಗಂಡಿನವರು ಬಂದಿದ್ದಾರೆಂದು ಅವನಿಗೆ ತಿಳಿದಿತ್ತೆಂಬುದು ಅವನ ಮುಖದಲ್ಲೇ ಇತ್ತು. ಆದರೂ ಬಂದ. ಒಲೆಯ ಮುಂದೆ ಮೊಣಕಾಲೂರಿ ಬೋಗುಣಿಯನ್ನು ಬೆಳಕಿಗೆ ತಿರುಗಿಸಿದ. ಅವಳು ಕಲಿಸಿದ್ದನ್ನೆಲ್ಲ ಒಂದೊಂದಾಗಿ ಮಾಡಿದ. ನಂತರ ಅವಳು ಕಲಿಸದೇ ಇದ್ದದ್ದನ್ನು ಮಾಡಿದ. ಅಂಚಿನ ಹೂರಣವನ್ನು ಸೌಟಿನಿಂದ ಸರಿಸಿ, ಬೋಗುಣಿಯ ಒಳಬದಿಗೆ ಬೆರಳಿಟ್ಟು ತೋರಿಸಿದ.

“ನಿನ್ನಿ ತುಂಬಿದಾಗ ಹೂರಣದ ಮಟ್ಟ ಇಲ್ಲಿತ್ರಿ. ಒಣಗಿದ ಗೆರಿ ಕಾಣ್ತೈತಲ್ಲ? ಈಗ ಒಂದು ಬೆರಳು ಮ್ಯಾಲೆ ಬಂದೈತಿ. ಯಾರರ ಮತ್ತ ಹಾಕ್ಯಾರೇನು?”

“ಇಲ್ಲ.”

“ಹಂಗಾರ ಒಳಗ ಗಾಳಿ ಹುಟ್ಟೈತಿ.” ಸೌಟಿನಿಂದ ನಡುವೆ ಒತ್ತಿದ. ಸಣ್ಣ ಗುಳ್ಳೆಗಳು ಎದ್ದು ಒಡೆದವು. “ಹಳಸೇತ್ರಿ.”

“ಏನು ಹಳಸೇತಿ?” ದೊಡ್ಡಬಸಮ್ಮ ಬಾಗಿಲಲ್ಲಿ ನಿಂತಿದ್ದಳು. “ಬೆಲ್ಲ ಸಿಗಲಾರದ ಕಾಲದಾಗ ಮಾಡೇನಿ. ಬಂದ ಪಾವಣ್ಯಾರು ಪಡಸಾಲ್ಯಾಗ ಕುಂತಾರ. ವಾಸನಿ ನೋಡಿ ಹೇಳ್ರಿ ಓವರ್ಸೀಯರ, ಎಲ್ಲೈತಿ ಹುಳಿ?”

ಅವನು ಎದ್ದು ನಿಂತ. ಅವನು ಸುಳ್ಳು ಹೇಳಿದ್ದರೂ ಅತ್ತೆಗೆ ತಿಳಿಯುತ್ತಿರಲಿಲ್ಲ.

“ನನಗ ವಾಸನಿ ಬರಾಂಗಿಲ್ರಿ ಅಮ್ಮಾರ. ಎರಡು ವರ್ಷ ಆತು. ಕಣ್ಣಿಂದ ನೋಡಿ ಹೇಳ್ತಿದ್ದೀನಿ.”

ದೊಡ್ಡಬಸಮ್ಮ ನಕ್ಕುಬಿಟ್ಟಳು. “ಚಲೋ ಆತು. ಮೂಗು ಸತ್ತಾಂವ ಹೂರಣ ಹಳಸೇತಿ ಅಂತಾನ.” ಬಗ್ಗಿ, ನಿಂಬೆಗಾತ್ರದ ಉಂಡೆ ತೆಗೆದು ಬಾಯಿಗಿಟ್ಟಳು. ಮತ್ತೊಂದು ತೆಗೆದು ಅದನ್ನೂ ನುಂಗಿದಳು. “ಏನಾಗೇತಿ ಇದಕ್ಕ? ಬಡಿ ಹೋಳಿಗಿ.”

ಊರಮ್ಮ ಬೋಗುಣಿ ಎತ್ತಿಕೊಂಡಳು. ಅತ್ತೆ ಬ್ಯಾಡ ಬ್ಯಾಡ ಅನ್ನುತ್ತಿದ್ದಂತೆ ತಿಪ್ಪೆಯ ತನಕ ನಡೆದು ಪೂರ್ತಿ ಸುರಿದು, ಮೇಲೆ ಬೂದಿ ಎಳೆದಳು. ಬಂದವರಿಗೆ ಮಂಡಕ್ಕಿ ಒಗ್ಗರಣೆ, ಮಜ್ಜಿಗೆ ಕೊಟ್ಟಳು. ಹೆಣ್ಣು ನೋಡಲು ಬಂದಲ್ಲಿ ಸಿಹಿ ಇಲ್ಲದ್ದಕ್ಕೆ ಗಾದೆಪ್ಪನ ಮುಖ ಸಣ್ಣದಾಯಿತು. ಎರ್ರೆಪ್ಪ ದೊಡ್ಡ ಮನಸ್ಸಿನವನು, ಎರಡನೆಯ ಸಲವೂ ಮಂಡಕ್ಕಿ ಹಾಕಿಸಿಕೊಂಡ.

ಬಂಡಿ ಹೋಗಿ ಮೂರು ತಾಸಾಗಿರಲಿಲ್ಲ, ದೊಡ್ಡಬಸಮ್ಮ ಹೊಟ್ಟೆ ಹಿಡಿದುಕೊಂಡು ಬಚ್ಚಲಲ್ಲಿ ಕೂತಳು. ವಾಂತಿ ನಿಲ್ಲಲಿಲ್ಲ. ಸಂಜೆಗೆ ಕೈಕಾಲು ತಣ್ಣಗಾದವು. ಜಡೆಪ್ಪ ಸೈಕಲ್ ತುಳಿದು ಕಂಪೌಂಡರನ್ನು ಹಿಂದೆ ಕೂರಿಸಿಕೊಂಡು ತಂದ. ಊರಮ್ಮ ಚಮಚ ಚಮಚವಾಗಿ ಉಪ್ಪಿನ ಗಂಜಿ ಕುಡಿಸಿದಳು. ಎರಡು ದಿನಕ್ಕೆ ಅತ್ತೆ ಎದ್ದು ಕೂತಳು. ಗೋಡೆಗೆ ಒರಗಿ, “ಆ ಬಸುರಿ ಹೆಣ್ಮಗಳು ತಿಂದಿದ್ರ,” ಎಂದಳು. ಮಾತು ಮುಗಿಸಲಿಲ್ಲ.

ಅದೇ ವಾರ ಕುರುಗೋಡಿನಿಂದ ಸುದ್ದಿ ಬಂತು. ಹುಡುಗಿ ಒಪ್ಪಿಗೆ. ಅದೇ ವಾರ ಜಡೆಪ್ಪನ ಕ್ಯಾಂಪು ಹತ್ತಿರದ ಕರೂರಿಗೆ ಎದ್ದಿತು. ಹೋಗುವ ದಿನ ಅವನು ಹೊಸ್ತಿಲಲ್ಲಿ ನಿಂತು, “ಬರ್ತೀನ್ರಿ,” ಎಂದ. ಇನ್ನೇನೋ ಹೇಳಲು ಬಾಯಿ ತೆರೆದ. ಒಳಗಿಂದ ಗಾದೆಪ್ಪ ಕೆಮ್ಮಿದ. ಜಡೆಪ್ಪ ಟ್ರಂಕು ಎತ್ತಿಕೊಂಡು ಬಂಡಿ ಹತ್ತಿದ.

ಆ ಸಂಜೆ ಊರಮ್ಮ ಅಪ್ಪನಿಗೆ ಉಣ್ಣಲು ಬಡಿಸಿ ಎದುರಿಗೆ ಕೂತಳು.

“ಅಪ್ಪ, ಕುರುಗೋಡಿನವರಿಗೆ ಬ್ಯಾಡ ಅಂತ ಹೇಳಿಬಿಡು. ಅವರದೇನೂ ತಪ್ಪಿಲ್ಲ. ನನ್ನ ಮನಸು ಓವರ್ಸೀಯರ ಮ್ಯಾಲೆ ಐತಿ.”

ಗಾದೆಪ್ಪ ರೊಟ್ಟಿ ಮುರಿಯುವುದು ಬಿಟ್ಟ. “ಮನಿಗೆ ಬೆಂಕಿ ಹತ್ತಿದ್ರೂ ಹೊಗಿ ವಾಸನಿ ತಿಳಿಯಂಗಿಲ್ಲ ಆಂವಗ.”

“ನನಗ ತಿಳೀತೈತಲ್ಲ.”

ಗಾದೆಪ್ಪ ತಾಟು ಸರಿಸಿ ಎದ್ದ. ಎರಡು ದಿನ ಮಗಳೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಲೆಗೆ ಪಟಗ ಸುತ್ತಿಕೊಂಡು ಕರೂರಿಗೆ ಹೊರಟ. ಊರಮ್ಮ ಅವತ್ತು ಮಾಡಿದ ಕೆಲಸವನ್ನೇ ಮೂರು ಸಲ ಮಾಡಿದಳು. ಸಂಜೆ ಅಪ್ಪ ಬಂದು ಕಾಲು ತೊಳೆದು, ಕಂಬಳಿಯ ಮೇಲೆ ಕೂತು, ನೀರು ಕುಡಿದು, ಆಮೇಲೆ ಬಾಯಿ ಬಿಟ್ಟ.

“ಕೇಳಿದೆ ಆಂವನ್ನ. ನನ್ನ ಮಗಳು ನಿನಗ ಮೂಗಾಗಿ ಬರಬೇಕೇನು ಅಂತ.”

“ಏನಂದ?”

“ಇಲ್ರಿ ಅಂದ. ಮೂಗು ಇಲ್ದ ಬದುಕಾಕ ಆಕಿನ ಕಲಿಸ್ಯಾಳ, ಅದಕ್ಕ ಯಾರೂ ಬೇಕಾಗಿಲ್ಲ. ನನಗ ಬೇಕಾಗಿದ್ದು ಆಕಿ ಅಂದ.” ಗಾದೆಪ್ಪ ತಂಬಿಗೆ ಕೆಳಗಿಟ್ಟ. “ನಾಳೆ ಕುರುಗೋಡಿಗೆ ನಾನ ಹೋಗಿ ಬರ್ತೀನಿ. ಅಂಥ ಮಂದಿಗೆ ಚೀಟಿ ಕಳಿಸಿ ಬ್ಯಾಡ ಅನ್ನಬಾರದು.”

ಊರಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಹಿಂದೆಯೇ ಬಂದ ದೊಡ್ಡಬಸಮ್ಮ ಅವಳ ತಲೆ ಮೇಲೆ ಕೈಯಿಟ್ಟಳು.

ಮುಂದಿನ ಸೋಮವಾರ ಜಡೆಪ್ಪ ಬಂದ. ಬಳ್ಳಾರಿಗೆ ಹೋಗಿ ತಾಯಿಗೆ ಹೇಳಿ, ಅಲ್ಲಿಂದ ನೇರ ಇಲ್ಲಿಗೆ. ಅಂಗಿಯ ತುಂಬ ಬಸ್ಸಿನ ಧೂಳು. ಗಾದೆಪ್ಪ ಎಮ್ಮೆ ಕಟ್ಟುವ ನೆವ ಹೇಳಿ ಹೊರಗೆ ಹೋದ.

“ನನ್ನ ಮೂಗು ಬ್ಯಾಡ ಅಂದ್ರಂತ,” ಎಂದಳು ಊರಮ್ಮ, ನೆಲ ನೋಡುತ್ತ.

“ಬ್ಯಾಡ ಅನ್ನಲಿಲ್ರಿ. ಅದಕ್ಕ ಅಂತ ಕೇಳ್ತಿಲ್ಲ ಅಂದೆ.”

“ಅದನ್ನ ಬಿಟ್ಟು ನಾ ಬರಾಂಗಿಲ್ಲ.”

ಅವನು ಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದ. ಬಿಚ್ಚಿ ಅಂಗೈ ಮೇಲಿಟ್ಟ. ಒಳಗೆ ಒಂದೇ ಕೆಂಪು ಹರಳಿನ ಮೂಗುತಿ, ಬಳ್ಳಾರಿ ಬಜಾರಿನದು.

“ಗೊತ್ತಿತ್ತು,” ಎಂದ ಜಡೆಪ್ಪ. ಮೊದಲ ಸಲ ಬಹುವಚನ ಬಿಟ್ಟು ಮೆಲ್ಲಗೆ ಕೇಳಿದ: “ಊರಮ್ಮ, ಇದನ್ನ ಇಟ್ಕೊಂತಿಯೇನು?”

ಅವಳು ಪೊಟ್ಟಣ ತೆಗೆದುಕೊಳ್ಳಲಿಲ್ಲ. ಮುಖವನ್ನೇ ಸ್ವಲ್ಪ ಮೇಲೆತ್ತಿ ಹಿಡಿದಳು.