ಕರೆಂಟು ಕೊಡುವ ಒಲೆ

ಮಣಿಕಟ್ಟಿನಷ್ಟು ದಪ್ಪದ ಕೊರಡೊಂದನ್ನು ಅವನು ಆ ಪುಟ್ಟ ಒಲೆಯ ಬಾಯಿಗೆ ತುರುಕತೊಡಗಿದಾಗ ಅವಳು ಕೆಳತುಟಿ ಕಚ್ಚಿಕೊಂಡಳು. ಮಾತಾಡುವಂತಿಲ್ಲ.

"ದೊಡ್ಡ ಕಟ್ಟಿಗೆ ಹಾಕಿದ್ರೆ ದೊಡ್ಡ ಬೆಂಕಿ," ಎಂದು ಅವನು ತನಗೆ ತಾನೇ ಹೇಳಿಕೊಂಡ. "ದೊಡ್ಡ ಬೆಂಕಿ ಬಂದ್ರೆ ಜಾಸ್ತಿ ಕರೆಂಟು. ಅಲ್ವಾ?"

ಅಲ್ಲ. ಖಂಡಿತ ಅಲ್ಲ. ಆದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಅದು ಅವನ ಕಟ್ಟಳೆ. ಈ ವರ್ಕ್‌ಶಾಪಿನಲ್ಲಿ ತಯಾರಾಗುವ ಪ್ರತಿ ವಸ್ತುವಿಗೂ ಬಳಕೆಯ ಕೈಪಿಡಿ ಬರೆಯುವವನು ಅವನು. ಬರೆಯುವ ಮೊದಲು, ಏನೂ ಗೊತ್ತಿಲ್ಲದ ಗಿರಾಕಿಯಂತೆ ತಾನೇ ಬಳಸಿ ನೋಡುತ್ತಾನೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾನೆ. ತಯಾರಿಸಿದವರು ಎದುರಿಗೆ ಕೂತು ನೋಡಬಹುದು, ಉತ್ತರ ಕೊಡಬಾರದು. "ಡಬ್ಬದೊಳಗೆ ನಿಮ್ಮನ್ನೂ ಇಟ್ಟು ಕಳಿಸಕ್ಕಾಗುತ್ತಾ ಮೇಡಂ?" ಎಂದು ಮೊದಲ ದಿನ ಕೇಳಿದ್ದ. ಆಗ ಅವಳಿಗೆ ನಗು ಬಂದಿತ್ತು.

ಈಗ ಬರುತ್ತಿರಲಿಲ್ಲ. ಒಲೆ ಅವಳ ಎರಡು ವರ್ಷದ ದುಡಿಮೆ. ಒಳಗೆ ಕಡ್ಡಿ ಉರಿದರೆ ಪಕ್ಕದ ಪೆಟ್ಟಿಗೆ ಆ ಬಿಸಿಯಿಂದಲೇ ಕರೆಂಟು ಮಾಡುತ್ತದೆ. ಸ್ವಲ್ಪ ಉರಿಗೆ ಗಾಳಿ ಊದುವ ತನ್ನದೇ ಪುಟ್ಟ ಫ್ಯಾನಿಗೆ, ಉಳಿದದ್ದು ಫೋನಿಗೆ. ಕಾಡಿಗೆ ಹೋಗುವವರು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದು, ಇಂಥ ಮಹಾನುಭಾವರ ಕೈಗೆ ಸಿಗದಿದ್ದರೆ.

ಅವನು ಹೊಗೆಗೆ ಕೆಮ್ಮಿದ. ಕಣ್ಣೊರೆಸಿಕೊಳ್ಳಲು ಹೋಗಿ ಹಣೆಗೆಲ್ಲ ಮಸಿ ಬಳಿದುಕೊಂಡ. ಆ ಮಸಿ ಒರೆಸಲು ಅವಳ ಕೈ ತುರಿಸಿತು. ಅದೇ ಕೈಯಿಂದ ತಲೆಗೊಂದು ಮೊಟಕಲೂ.

"ಫ್ಯಾನ್ ನಿಂತ್ಹೋಯ್ತು. ಕೆಟ್ಟಿದೆಯೋ ಏನೋ."

ಕೆಟ್ಟಿದೆಯಂತೆ. ಅವಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಹಿತ್ತಿಲ ಬಾಗಿಲಲ್ಲಿ ಅವಳ ಚಿಕ್ಕಪ್ಪ ಇಣುಕಿದರು. ವರ್ಕ್‌ಶಾಪ್ ಅವರದೇ. "ಏನಪ್ಪಾ ಸಾಹಿತಿ, ಒಲೆ ಹಚ್ತಿದ್ದೀಯೋ, ಸೊಳ್ಳೆ ಓಡಿಸ್ತಿದ್ದೀಯೋ?" ಮತ್ತೆ ಅವಳ ಮುಖ ನೋಡಿ, "ನಿನಗೇನಮ್ಮಾ, ಹಲ್ಲುನೋವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಹೊಗೆಯನ್ನು ಕೈಯಿಂದ ಬೀಸಿಕೊಳ್ಳುತ್ತ ಒಳಗೆ ಹೋದರು.

"ಫೋನ್ ಪೂರ್ತಿ ಸತ್ತಿದೆ," ಅವನು ತನ್ನ ವರದಿ ಮುಂದುವರಿಸಿದ. "ಪರೀಕ್ಷೆಗೆ ಅಂತ ಬೇಕಂತಲೇ ಖಾಲಿ ಮಾಡಿದ್ದು. ಇನ್ನೇನು ಆ ಕಂಪನಿಯವರು ಫೋನ್ ಮಾಡ್ತಾರೆ. ಎತ್ತದಿದ್ರೆ ಬೇರೆಯವರನ್ನ ತಗೋತಾರಂತೆ."

ಅವಳಿಗೆ ಗೊತ್ತಿತ್ತು. ದೂರದ ಊರು, ದೊಡ್ಡ ಕೆಲಸ. ಹೋದ ವಾರ ಕೈಯಿಂದ ತಿರುಗಿಸುವ ಟಾರ್ಚನ್ನು ಪರೀಕ್ಷಿಸುವಾಗ, "ಈ ಹಿಡಿ ಯಾವ ಕಡೆ ತಿರುಗಿಸ್ಬೇಕು? ಆ ಕೆಲಸ ಒಪ್ಕೊಳ್ಳೋದಾ, ಬಿಡೋದಾ? ಹೋಗ್ಬೇಡ ಅನ್ನೋರು ಒಬ್ಬರಿದ್ರೆ ಇಲ್ಲೇ ಇದ್ದುಬಿಡ್ತೀನಿ," ಎಂದು ಒಂದೇ ಉಸಿರಿಗೆ ಗೊಣಗಿ, ತಲೆಯೆತ್ತಿ ಅವಳನ್ನೇ ನೋಡಿದ್ದ. ನೋಡುತ್ತಲೇ ಇದ್ದ. ಅವಳು ಕಟ್ಟಳೆಯಂತೆ ಬಾಯಿ ತೆರೆದಿರಲಿಲ್ಲ, ಮುಗಿದ ಮೇಲೆ ಹೇಳೋಣವೆಂದು ಕಾದಿದ್ದಳು. ಅವನು ಟಾರ್ಚನ್ನು ಮೇಜಿನ ಮೇಲಿಟ್ಟು, "ಅರ್ಥವಾಯ್ತು," ಎಂದು ಎದ್ದು ಹೋಗಿದ್ದ. ಏನು ಅರ್ಥವಾಯಿತೋ. ಆಮೇಲೆ ಎದುರು ಸಿಕ್ಕಾಗಲೆಲ್ಲ ಬರೀ ಬಿಸಿಲಿನ ಮಾತು, ಗಾಳಿಯ ಮಾತು.

ಕೊರಡಿನ ಕೆಳಗೆ ಕೆಂಡ ಕಪ್ಪಾಗುತ್ತಿತ್ತು. ಒಲೆ ಆರಿದರೆ ಫೋನಿಲ್ಲ. ಫೋನಿಲ್ಲದಿದ್ದರೆ ಆ ಊರಿಲ್ಲ. ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆದರೆ ಒಲೆ ಕೆಟ್ಟಿತೆಂದು ಉಳಿದವನು ಯಾರಿಗೆ ಬೇಕು?

"ಆ ಕೊರಡು ತೆಗೀರಿ," ಅಂದಳು.

ಅವನು ಬೆಚ್ಚಿ ನೋಡಿದ. "ಮೇಡಂ, ಪರೀಕ್ಷೆ..."

"ಮಣ್ಣು ಹಾಕಿ ನಿಮ್ಮ ಪರೀಕ್ಷೆಗೆ." ಅವಳೇ ಬಗ್ಗಿ ಕೊರಡನ್ನು ಇಕ್ಕಳದಿಂದ ಎಳೆದೆಸೆದಳು. "ಬೆರಳಿಗಿಂತ ತೆಳ್ಳಗಿನ ಕಡ್ಡಿ. ಒಣಗಿದ್ದು. ಸ್ವಲ್ಪ ಸ್ವಲ್ಪ. ಅಷ್ಟೂ ಗೊತ್ತಾಗಲ್ವಾ?"

"ಗಿರಾಕಿಗೆ ಗೊತ್ತಾಗಲ್ಲ."

"ಗಿರಾಕಿ ಹಾಳಾಗಿಹೋಗ್ಲಿ. ಬಾಯಿ ಮುಚ್ಕೊಂಡು ಕೂತ್ಕೋ ಅಂತ ಕೂರಿಸಿ, ಹೋಗ್ಲಾ ಇರ್ಲಾ ಅಂತ ಯಾರಾದ್ರೂ ಕೇಳ್ತಾರೇನೋ?"

ಮಾತು ಏಕವಚನಕ್ಕೆ ಇಳಿದದ್ದು ಇಬ್ಬರಿಗೂ ತಿಳಿಯಿತು. ಯಾರೂ ತಿದ್ದಲಿಲ್ಲ.

ಅವನು ಒಂದು ಕಡ್ಡಿ ಮುರಿದು ಒಲೆಗೆ ಹಾಕಿದ. "ಬೇರೆ ಹೊತ್ತಲ್ಲಿ ಕೇಳೋಕೆ ಧೈರ್ಯ ಇರ್ಲಿಲ್ಲ. ಪರೀಕ್ಷೆ ಹೊತ್ತಲ್ಲಾದ್ರೆ ನೀನು ಮಾತಾಡಲ್ಲ ಅಂತ ಗೊತ್ತಿತ್ತು. 'ಹೋಗು' ಅಂತ ಕೇಳಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು."

"ಆಮೇಲೆ ಅರ್ಥವಾಯ್ತು ಅಂದ್ಯಲ್ಲ, ಏನು ಅರ್ಥವಾಯ್ತು?"

"ಏನೂ ಇಲ್ಲ."

"ಪೆದ್ದ."

"ಹೂಂ."

"ಹೋಗ್ಬೇಡ. ನಾನು ಹೇಳ್ತಿದ್ದೀನಿ, ಹೋಗ್ಬೇಡ. ಕೇಳಿಸ್ತಾ, ಇಲ್ಲ ಕೈಪಿಡೀಲಿ ಚಿತ್ರ ಬರೆದು ತೋರಿಸ್ಬೇಕಾ?"

"ಇನ್ನೊಂದ್ಸಲ ಹೇಳು. ಕಡ್ಡಿ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ."

ಅವಳು ಹೆಬ್ಬೆರಳಿನಿಂದ ಅವನ ಹಣೆಯ ಮಸಿ ಒರೆಸಿದಳು. ಅದು ಹುಬ್ಬಿನವರೆಗೂ ಹರಡಿತು. ಅವನು ಅಲುಗಾಡದೆ ಒರೆಸಿಸಿಕೊಂಡ, ತನ್ನ ಕಣ್ಣುಗಳಲ್ಲಿ ನೀರಿದ್ದದ್ದು ಹೊಗೆಯಿಂದಲೇ ಎಂಬಂತೆ. ಅವರ ನಡುವೆ ಫ್ಯಾನ್ ಗುಂಯ್ ಎಂದು ತಿರುಗತೊಡಗಿ, ಉರಿ ನೆಟ್ಟಗೆ ನಿಂತಿತು. ಸ್ವಲ್ಪ ಹೊತ್ತಿಗೆ ಫೋನಿನ ಪರದೆ ಬೆಳಗಿತು. ಇನ್ನೂ ಸ್ವಲ್ಪ ಹೊತ್ತಿಗೆ ರಿಂಗಾಯಿತು.

ವೈರು ಗಿಡ್ಡ. ಮಾತಾಡಲು ಅವನು ಒಲೆಯ ಪಕ್ಕ, ಅವಳ ಮೊಣಕಾಲಿಗೆ ಭುಜ ತಾಗುವಷ್ಟು ಬಗ್ಗಬೇಕಾಯಿತು. ಆ ಕಡೆಯ ದನಿ ಅವಳಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು: ಇರಲು ಮನೆ ಕೊಡುತ್ತಾರಂತೆ, ಬೇಕಿದ್ದರೆ ಮುಂದಿನ ತಿಂಗಳು ಬಂದರೂ ಆಗುತ್ತದಂತೆ, ಕೈಕೆಳಗೆ ನಾಲ್ಕು ಜನ ಬರೆಯುವವರು ಇರುತ್ತಾರಂತೆ.

ಅವನು ಪೂರ್ತಿ ಕೇಳಿಸಿಕೊಂಡ.

"ಇಲ್ಲ ಸರ್," ಅಂದ. "ನಾನು ಬರಲ್ಲ."